ಕಾರ್ಖಾನೆಯಲ್ಲಿ ತಯಾರಾದ ಮನೆಗಳು ಮ್ಯೂಸಿಯಂ ಸೇರಿದ್ದು ಏಕೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಪಾಮ್ ಸ್ಪ್ರಿಂಗ್ಸ್ ಕಲಾ ಸಂಗ್ರಹಾಲಯ 2024ರ ಮಾರ್ಚ್‌ನಲ್ಲಿ ತನ್ನ ಆವರಣದಲ್ಲಿ ಒಂದು ಹಳೆಯ ಮನೆಯನ್ನು ಸಾರ್ವಜನಿಕರಿಗೆ ತೋರಿಸಲು ಶುರುಮಾಡಿತು. ಅಲ್ಯೂಮಿನೇರ್ ಹೌಸ್ ಎಂದು ಅದರ ಹೆಸರು. ಆಲ್ಬರ್ಟ್ ಫ್ರೈ, ಲಾರೆನ್ಸ್ ಕೋಚರ್ ಎಂಬಿಬ್ಬರು ವಾಸ್ತುಶಿಲ್ಪಿಗಳು 1931ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆಂದು ಅಲ್ಯೂಮಿನಿಯಂ, ಉಕ್ಕು, ಗಾಜು ಬಳಸಿ ಕಟ್ಟಿದ ಮೂರಂತಸ್ತಿನ ಮನೆ ಅದು. ಸಿದ್ಧ ಭಾಗಗಳನ್ನು ತಂದು ಹತ್ತು ದಿನದೊಳಗೆ ಜೋಡಿಸಿ ನಿಲ್ಲಿಸಿದ್ದರು. ಪ್ರದರ್ಶನ ಮುಗಿದ ಮೇಲೆ ಅದನ್ನು ಬಿಚ್ಚಿ ಲಾಂಗ್ ಐಲೆಂಡಿಗೆ ಒಯ್ದರು. ಅಲ್ಲಿ ಕೆಡವುವ ಮಾತು ಬಂದಾಗ ಮತ್ತೆ ಬಿಚ್ಚಿ ಒಂದು ಕಾಲೇಜಿನ ಆವರಣಕ್ಕೆ ಸಾಗಿಸಿದರು. ಆ ಆವರಣವೂ ಮುಚ್ಚಿದ ಮೇಲೆ ಕಂಟೇನರಿಗೆ ತುಂಬಿ ದೇಶದ ಇನ್ನೊಂದು ತುದಿಗೆ ತಂದರು. ಹತ್ತು ದಿನದಲ್ಲಿ ಎದ್ದ ಮನೆಗೆ ಕಾಯಂ ವಿಳಾಸ ಸಿಗಲು ತೊಂಬತ್ತು ವರ್ಷ ಮೀರಿತು. ಈಗಲೂ ಅದನ್ನು ಹೊರಗೆ ನಿಂತೇ ನೋಡಬೇಕು.

ಇಂಥ ಮನೆಗಳು ಇನ್ನೂ ಕೆಲವಿವೆ. ಕಳೆದ ಶತಮಾನದ ನಡುಭಾಗದಲ್ಲಿ ಯುರೋಪು, ಅಮೆರಿಕಗಳ ಆಧುನಿಕ ವಾಸ್ತುಶಿಲ್ಪಿಗಳಿಗೂ ಎಂಜಿನಿಯರುಗಳಿಗೂ ಒಂದು ದೃಢವಾದ ನಂಬಿಕೆಯಿತ್ತು. ಕಾರು ಕಾರ್ಖಾನೆಯಿಂದ ಬರುವುದಾದರೆ ಮನೆಯೂ ಬರಬಹುದು, ಸಾವಿರಗಟ್ಟಲೆ ತಯಾರಾದರೆ ಅಗ್ಗವಾಗುತ್ತದೆ, ಬಡವರಿಗೂ ಯುದ್ಧದಿಂದ ಮರಳಿದ ಸೈನಿಕರಿಗೂ ನಿರಾಶ್ರಿತರಿಗೂ ಸೂರು ಸಿಗುತ್ತದೆ ಎಂಬ ನಂಬಿಕೆ. ಆ ಮನೆಗಳು ಇಂದು ಮ್ಯೂಸಿಯಂಗಳಲ್ಲಿವೆ, ಹರಾಜಿನ ಪಟ್ಟಿಗಳಲ್ಲಿವೆ. ಸೂರಿಲ್ಲದವರು ಮಾತ್ರ ಹಾಗೆಯೇ ಇದ್ದಾರೆ. ಭಾರತ ಸರ್ಕಾರ ಮತ್ತೊಮ್ಮೆ ಪ್ರೀಕಾಸ್ಟ್ (ಮೊದಲೇ ಎರಕ ಹೊಯ್ದ ಕಾಂಕ್ರೀಟ್), ಪ್ರೀಫ್ಯಾಬ್ (ಕಾರ್ಖಾನೆಯಲ್ಲೇ ಸಿದ್ಧವಾದ ಭಾಗಗಳು) ತಂತ್ರಜ್ಞಾನವೇ ವಸತಿ ಸಮಸ್ಯೆಗೆ ದಾರಿ ಎಂದು ಹೇಳುತ್ತಿರುವ ಹೊತ್ತಿನಲ್ಲಿ ಈ ಮನೆಗಳನ್ನು ತುಸು ಗಮನವಿಟ್ಟು ನೋಡಬೇಕು. ಅವು ಸೋತದ್ದು ತಂತ್ರಜ್ಞಾನದ ಕೊರತೆಯಿಂದಲ್ಲ. ಕಾರ್ಖಾನೆಯ ಬಾಗಿಲಿನಿಂದ ಆಚೆಗೆ ಮನೆಗೆ ಏನೆಲ್ಲ ಬೇಕೋ ಅದನ್ನು ಯಾರೂ ತಮ್ಮ ಜವಾಬ್ದಾರಿಯೆಂದು ತೆಗೆದುಕೊಳ್ಳಲಿಲ್ಲ. ಸೋಲು ಶುರುವಾದದ್ದು ಅಲ್ಲಿಂದ ಎಂಬುದು ನನ್ನ ವಾದ.

ಡಿಯರ್‌ಬಾರ್ನಿನ ದುಂಡು ಮನೆ

ಒಳಗೆ ಹೋಗಿ ಸುತ್ತಾಡಿ ನೋಡಬಹುದಾದ ಇಂಥ ಮನೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಮಿಶಿಗನ್ ರಾಜ್ಯದ ಡಿಯರ್‌ಬಾರ್ನಿನಲ್ಲಿ, ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಸಾಕಷ್ಟಿದ್ದಾರೆ. ಊರಿನಿಂದ ಅಪ್ಪ ಅಮ್ಮ ಬಂದಾಗ ತೋರಿಸುವ ಜಾಗಗಳಲ್ಲಿ ಈ ಮ್ಯೂಸಿಯಂ ಕೂಡ ಒಂದು. ರೈಲು ಎಂಜಿನ್ನುಗಳು, ವಿಮಾನಗಳು, ಹಳೆಯ ಕಾರುಗಳ ಸಾಲಿನ ನಡುವೆ ಬೆಳ್ಳಿ ಬಣ್ಣದ ದುಂಡನೆಯ ಕಟ್ಟಡವೊಂದು ಕಾಣುತ್ತದೆ. ಬಕ್‌ಮಿನ್‌ಸ್ಟರ್ ಫುಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರರು ರೂಪಿಸಿದ ಡೈಮ್ಯಾಕ್ಸಿಯನ್ ಹೌಸ್ ಅದು.

ಮನೆಯ ನಟ್ಟನಡುವೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ಕಂಬವಿದೆ. ನಾವು ಕಂಡ ಮನೆಗಳಲ್ಲಿ ಗೋಡೆ ಚಾವಣಿಯನ್ನು ಹೊರುತ್ತದೆ. ಇಲ್ಲಿ ಚಾವಣಿಯೂ ನೆಲವೂ ಈ ಒಂದು ಕಂಬಕ್ಕೆ ತೂಗುಬಿದ್ದಿವೆ. ಸೈಕಲ್ ಚಕ್ರದಲ್ಲಿ ನಡುವಿನ ಹಬ್ ಅನ್ನೂ ಹೊರಗಿನ ರಿಮ್ಮನ್ನೂ ತೆಳು ಕಡ್ಡಿಗಳು ಬಿಗಿದು ಹಿಡಿದಂತೆ ಕೇಬಲ್ಲುಗಳು ಇಡೀ ಮನೆಯನ್ನು ಹಿಡಿದಿವೆ. ಹೊರಗಿನ ಗೋಡೆಗೆ ಭಾರ ಹೊರುವ ಕೆಲಸವೇ ಇಲ್ಲದ್ದರಿಂದ ಅದು ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಆಗಬಹುದಾಯಿತು, ಅದರ ನಡುವೆ ಸುತ್ತಲೂ ಒಂದೇ ಪಟ್ಟಿಯಾಗಿ ಪಾರದರ್ಶಕ ಪ್ಲಾಸ್ಟಿಕ್ಕಿನ ಕಿಟಕಿ ಹಾಯಿಸಬಹುದಾಯಿತು. ಅಡ್ಡಳತೆ 36 ಅಡಿ, ವಿಸ್ತೀರ್ಣ ಸಾವಿರ ಚದರಡಿಗೆ ತುಸು ಹೆಚ್ಚು. ಅಂದರೆ ಬೆಂಗಳೂರಿನ 30/40 ಸೈಟಿನಲ್ಲಿ ಏಳುವ ಒಂದಂತಸ್ತಿನ ಮನೆಗೆ ಹತ್ತಿರದ ಲೆಕ್ಕ. ತೂಕ ಮಾತ್ರ ಮೂರು ಟನ್ನಿನಷ್ಟು. ಆ ಕಾಲದ ಸಾಮಾನ್ಯ ಮನೆ ನೂರೈವತ್ತು ಟನ್ ತೂಗುತ್ತದೆ ಎಂದು ಫುಲ್ಲರ್ ಹೇಳುತ್ತಿದ್ದರು. ಮನೆಯ ತೂಕವೆಷ್ಟು ಎಂದು ಕೇಳುವುದೇ ಅಂದು ಹೊಸದಾಗಿತ್ತು.

ಒಳಗೆ ಎರಡು ಮಲಗುವ ಕೋಣೆ, ಎರಡು ಬಾತ್‌ರೂಮು, ಒಂದು ಹಾಲ್, ಅಡುಗೆಮನೆ. ಬೀರುಗಳು ಪ್ರತ್ಯೇಕವಾಗಿಲ್ಲ, ಗೋಡೆಯೊಳಗೇ ಸೇರಿವೆ. ಗುಂಡಿ ಒತ್ತಿದರೆ ಶೆಲ್ಫುಗಳು ಗೋಡೆಯ ಒಳಗಿಂದ ಮೇಲೆ ಕೆಳಗೆ ಸುತ್ತಿ ಬರುತ್ತವೆ. ಬಗ್ಗಿ ತೆಗೆಯುವ, ಏಣಿ ಹತ್ತಿ ಇಡುವ ಶ್ರಮ ಮನೆಯವರಿಗೆ ತಪ್ಪಬೇಕು ಎಂಬ ಯೋಚನೆ ಅದು. ಬಾತ್‌ರೂಮಿನಲ್ಲಿ ಮೂಲೆಗಳಿಲ್ಲ. ಲೋಹದ ಕೆಲವೇ ದೊಡ್ಡ ತುಣುಕುಗಳನ್ನು ಅಚ್ಚಿನಲ್ಲಿ ಒತ್ತಿ ಜೋಡಿಸಿರುವುದರಿಂದ ಕೊಳೆ ಸೇರಲು ಸಂದಿಯಿಲ್ಲ. ಚಾವಣಿಯ ತುದಿಯಲ್ಲಿ ಗಾಳಿಯ ದಿಕ್ಕಿಗೆ ತಿರುಗುವ ದೊಡ್ಡ ವೆಂಟಿಲೇಟರ್. ಒಳಗಿನ ಗಾಳಿಯನ್ನು ಅದು ಎಳೆದು ಹೊರಹಾಕಬೇಕು, ಬಿರುಗಾಳಿ ಬೀಸಿದರೆ ದುಂಡನೆಯ ಮೈ ಅದನ್ನು ಜಾರಿಸಿ ಕಳಿಸಬೇಕು. ಸುಂಟರಗಾಳಿಗೆ ಹೆಸರಾದ ಕ್ಯಾನ್ಸಸ್‌ನಲ್ಲಿ ಹುಟ್ಟಿದ ಮನೆಗೆ ಇದು ತಕ್ಕ ಯೋಚನೆಯೇ.

ಹುಟ್ಟಿದ್ದು ವಿಚಿಟಾ ನಗರದ ಬೀಚ್ ವಿಮಾನ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿತ್ತು. ಯುದ್ಧಕಾಲದ ವಿಮಾನಗಳ ಆರ್ಡರು ನಿಂತರೆ ಸಾವಿರಾರು ಕೆಲಸಗಾರರು ಬೀದಿಗೆ ಬೀಳುವ ಭಯವಿತ್ತು. ಅದೇ ಅಲ್ಯೂಮಿನಿಯಂ, ಅದೇ ಯಂತ್ರ, ಅದೇ ಕೈಗಳಿಂದ ಮನೆ ಮಾಡಿದರೇನು ಎಂಬ ಲೆಕ್ಕಾಚಾರಕ್ಕೆ ಕಾರ್ಮಿಕ ಸಂಘವೂ ಒಪ್ಪಿತ್ತು. ಬೆಲೆ 6,500 ಡಾಲರ್ ಎಂದು ಅಂದಾಜು. 1946ರಲ್ಲಿ ಪತ್ರಿಕೆಗಳಲ್ಲಿ ಸುದ್ದಿ ಬರುತ್ತಿದ್ದಂತೆ ಸಾವಿರಾರು ಜನ ತಮಗೊಂದು ಬೇಕೆಂದು ಬರೆದರು. ಆದರೆ ವಿನ್ಯಾಸ ಇನ್ನೂ ಪಕ್ವವಾಗಿಲ್ಲವೆಂದು ಫುಲ್ಲರ್ ಪಟ್ಟು ಹಿಡಿದರು. ಹಣ ಹೂಡಿದವರಿಗೆ ಕಾಯುವ ತಾಳ್ಮೆ ಇರಲಿಲ್ಲ. ಮನೆ ತಯಾರಿಕೆಗೆಂದು ಕಟ್ಟಿದ್ದ ಕಂಪನಿ ಮುಚ್ಚಿತು. ತಯಾರಾದದ್ದು ಎರಡು ಮಾದರಿಗಳು ಮಾತ್ರ. ವಿಲಿಯಂ ಗ್ರಹಾಂ ಎಂಬ ಹೂಡಿಕೆದಾರರು ಆ ಎರಡರ ಭಾಗಗಳನ್ನು ಕೊಂಡು 1948ರಲ್ಲಿ ತಮ್ಮ ಸಾಮಾನ್ಯ ಮನೆಯೊಂದಕ್ಕೆ ಅಂಟಿಸಿ ಕಟ್ಟಿಕೊಂಡರು. ಅವರ ಸಂಸಾರ ಅದರಲ್ಲಿ 1970ರ ದಶಕದವರೆಗೂ ಬಾಳಿತು. ಆಮೇಲೆ ಪಾಳುಬಿತ್ತು, ಕಾಡುಪ್ರಾಣಿಗಳು ಸೇರಿಕೊಂಡವು. 1991ರಲ್ಲಿ ಮ್ಯೂಸಿಯಂ ಅದನ್ನು ದಾನವಾಗಿ ಪಡೆದು, ಸಾವಿರಾರು ಭಾಗಗಳನ್ನು ಒಂದೊಂದಾಗಿ ತೊಳೆದು ರಿಪೇರಿ ಮಾಡಿ, 2001ರಲ್ಲಿ ಪ್ರದರ್ಶನಕ್ಕಿಟ್ಟಿತು.

ನೋಡಲು ಹೋದವರು ಸಾಮಾನ್ಯವಾಗಿ ತಿರುಗುವ ಶೆಲ್ಫಿಗೆ ಬೆರಗಾಗಿ ಹೊರಬರುತ್ತಾರೆ. ಬೆರಗಾಗಬೇಕಾದದ್ದೇ. ಆದರೆ ಒಂದು ಸಂಗತಿಯನ್ನು ಗಮನಿಸಿ. ಈ ಮನೆ ನಿಂತಿರುವುದು ಇನ್ನೊಂದು ದೊಡ್ಡ ಕಟ್ಟಡದ ಒಳಗೆ. ಅಲ್ಲಿ ಮಳೆಯಿಲ್ಲ, ಬಿಸಿಲಿಲ್ಲ, ಗಾಳಿಯಿಲ್ಲ. ಗಾಳಿಯನ್ನೇ ನೆಚ್ಚಿ ರೂಪಿಸಿದ ಮನೆಯ ತಲೆಯ ಮೇಲೆ ಈಗ ಮ್ಯೂಸಿಯಂನ ಚಾವಣಿಯಿದೆ. ಜುಲೈ ತಿಂಗಳ ಮಧ್ಯಾಹ್ನ ಅಲ್ಯೂಮಿನಿಯಂ ಗೋಡೆಯ ಒಳಗೆ ಎಷ್ಟು ಸೆಕೆಯಾಗುತ್ತಿತ್ತು, ಆಲಿಕಲ್ಲು ಬಿದ್ದಾಗ ಎಷ್ಟು ಸದ್ದಾಗುತ್ತಿತ್ತು, ದುಂಡು ಕೋಣೆಗೆ ಚೌಕದ ಮಂಚ ಹೇಗೆ ಹೊಂದುತ್ತಿತ್ತು ಎಂಬುದಕ್ಕೆಲ್ಲ ಅಲ್ಲಿ ಉತ್ತರ ಸಿಗುವುದಿಲ್ಲ. ಪಾಯವೂ ಇಲ್ಲ, ಒಳಚರಂಡಿಯ ಸಂಪರ್ಕವೂ ಇಲ್ಲ, ನೆರೆಮನೆಯೂ ಇಲ್ಲ. ಕಾರ್ಖಾನೆ ಕೊಡಬಲ್ಲದ್ದೆಲ್ಲ ಅಲ್ಲಿದೆ. ಬಾಕಿ ಉಳಿದದ್ದನ್ನು ನೋಡುವವರೇ ಊಹಿಸಿಕೊಳ್ಳಬೇಕು.

ಸಾಲದ ಕಂತು ಮತ್ತು ಹನ್ನೆರಡು ಟನ್ ಉಕ್ಕು

ಆ ಬಾಕಿಯ ಲೆಕ್ಕ ನಿಚ್ಚಳವಾಗಿ ಸಿಗುವುದು ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿ. ಅಲ್ಲಿನ ಒಹಾಯೋ ಇತಿಹಾಸ ಕೇಂದ್ರದ ಒಳಗೆ 2013ರಿಂದ ಲಸ್ಟ್ರಾನ್ ಕಂಪನಿಯ ಇಡೀ ಮನೆಯೊಂದನ್ನು ಇಟ್ಟಿದ್ದಾರೆ. ವರ್ಜೀನಿಯಾದಿಂದ ಬಿಚ್ಚಿ ತಂದ ಈ ಮನೆ 2008ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರೀಫ್ಯಾಬ್ ಮನೆಗಳ ಪ್ರದರ್ಶನದಲ್ಲೂ ನಿಂತಿತ್ತು. ಡಿಯರ್‌ಬಾರ್ನಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಲ್ಲಿ ಸೋಫಾದ ಮೇಲೆ ಕೂರಬಹುದು, ಬೀರು ತೆರೆಯಬಹುದು, ಫ್ರಿಜ್ಜಿನ ಬಾಗಿಲು ಎಳೆಯಬಹುದು. ಮುಟ್ಟಿ ನೋಡುವ ಮನೆ.

ಮುಟ್ಟಿದರೆ ತಣ್ಣಗಿನ ಎನಾಮಲ್. ನಮ್ಮ ಮನೆಗಳಲ್ಲಿ ಒಂದು ಕಾಲಕ್ಕೆ ಇದ್ದ ಎನಾಮಲ್ ತಟ್ಟೆ, ಲೋಟಗಳ ಮೇಲಿನ ಅದೇ ಗಾಜಿನಂಥ ಲೇಪ ಇಲ್ಲಿ ಹೊರಗೋಡೆ, ಒಳಗೋಡೆ, ಚಾವಣಿ ಎಲ್ಲಕ್ಕೂ ಇದೆ. ಉಕ್ಕಿನ ಹಾಳೆಯ ಮೇಲೆ ಹಚ್ಚಿ ಕುಲುಮೆಯಲ್ಲಿ ಸುಟ್ಟದ್ದು. ಬಣ್ಣ ಹೊಡೆಸುವ ಖರ್ಚೇ ಇಲ್ಲ, ಒರೆಸಿದರೆ ಸಾಕು ಎಂದು ಕಂಪನಿ ಜಾಹೀರಾತು ಮಾಡಿತ್ತು. ಕಾರ್ಲ್ ಸ್ಟ್ರಾಂಡ್‌ಲುಂಡ್ ಎಂಬ ಎಂಜಿನಿಯರ್ ಮೊದಲು ಪೆಟ್ರೋಲ್ ಬಂಕುಗಳಿಗೆ ಇಂಥ ಹಾಳೆ ಮಾಡುತ್ತಿದ್ದವರು. ಯುದ್ಧಾನಂತರ ಉಕ್ಕಿಗೆ ಅಭಾವ. ಬಂಕುಗಳಿಗೆ ಉಕ್ಕು ಕೊಡಲಾಗದು, ಮನೆಗಳಿಗಾದರೆ ನೋಡೋಣ ಎಂಬ ಸರ್ಕಾರಿ ಧೋರಣೆ ಅವರನ್ನು ಮನೆಯ ಕಡೆಗೆ ತಿರುಗಿಸಿತು. ಕೊಲಂಬಸ್‌ನ ಹಳೆಯ ಯುದ್ಧವಿಮಾನ ಕಾರ್ಖಾನೆ ಅವರಿಗೆ ಸಿಕ್ಕಿತು. ಕೇಂದ್ರ ಸರ್ಕಾರದ ಸಾಲ ಒಟ್ಟು 37.5 ಮಿಲಿಯನ್ ಡಾಲರ್. ದಿನಕ್ಕೆ ನೂರು ಮನೆ ಎಂಬ ಗುರಿ.

ದಿನಕ್ಕೆ ನೂರು ಎಂದೂ ಆಗಲಿಲ್ಲ, ಅದರ ಕಾಲುಭಾಗ ಮುಟ್ಟಿದ್ದೇ ಹೆಚ್ಚು. 1950ರಲ್ಲಿ ಸರ್ಕಾರ ಸಾಲ ವಾಪಸು ಕೇಳಿತು, ಕಂಪನಿ ದಿವಾಳಿಯಾಯಿತು. ಅಷ್ಟರೊಳಗೆ ಸುಮಾರು 2,500 ಮನೆ ಹೊರಬಂದಿದ್ದವು. ಇದರ ಹಿಂದೆ ರಾಜಕೀಯವೂ ಇತ್ತು, ನಿಜ. ಆದರೆ ರಾಜಕೀಯ ಇಲ್ಲದಿದ್ದರೂ ಕಂಪನಿಗೆ ಉಸಿರಾಡುವುದು ಕಷ್ಟವಿತ್ತು. ಏಕೆಂದು ನೋಡೋಣ.

ಒಂದು ಮನೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗಗಳು, ಉಕ್ಕೇ ಹನ್ನೆರಡು ಟನ್. ಎಲ್ಲವನ್ನೂ ಜೋಡಣೆಯ ಕ್ರಮಕ್ಕೆ ತಕ್ಕಂತೆ ಒಂದೇ ಟ್ರೇಲರಿನಲ್ಲಿ ತುಂಬಿ ಸೈಟಿಗೆ ಕಳಿಸುತ್ತಿದ್ದರು. ಸೈಟಿನಲ್ಲಿ 150 ಗಂಟೆಗಳ ದುಡಿಮೆ ಸಾಕು ಎಂಬ ಎಣಿಕೆಯಿತ್ತು. ನಿಜದಲ್ಲಿ ಅದರ ಎರಡು ಪಟ್ಟು ಮೀರಿತು. ಊರೂರಿನ ಕೆಲಸಗಾರರಿಗೆ ಈ ಕೆಲಸ ಹೊಸದು, ಒಂದು ಊರಲ್ಲಿ ಕಲಿತ ತಂಡಕ್ಕೆ ಅಲ್ಲಿ ಎರಡನೇ ಮನೆ ಸಿಗುವ ಖಾತ್ರಿಯಿಲ್ಲ. ಪಾಯದ ಅಳತೆ ಒಂದಿಷ್ಟು ತಪ್ಪಿದರೂ ಹಾಳೆಗಳು ಕೂರುವುದಿಲ್ಲ. ಇಟ್ಟಿಗೆ ಗೋಡೆಯಲ್ಲಾದರೆ ಮೇಸ್ತ್ರಿ ಅರ್ಧ ಇಂಚಿನ ವ್ಯತ್ಯಾಸವನ್ನು ಗಾರೆಯಲ್ಲಿ ಮುಚ್ಚುತ್ತಾನೆ. ಉಕ್ಕಿಗೆ ಆ ಔದಾರ್ಯವಿಲ್ಲ. ಇನ್ನು ಕಟ್ಟಡ ನಿಯಮಗಳು ಊರಿಗೊಂದು. ಒಂದು ನಗರ ಒಪ್ಪಿದ ಪೈಪನ್ನು ಇನ್ನೊಂದು ನಗರ ಒಪ್ಪದು. ಒಂದೇ ಮಾದರಿಯನ್ನು ದೇಶಕ್ಕೆಲ್ಲ ಮಾರುತ್ತೇನೆ ಎಂದು ಹೊರಟ ಕಾರ್ಖಾನೆಗೆ ದೇಶ ಒಂದಾಗಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿ ತಡೆ ಬ್ಯಾಂಕು. ಮನೆ ಕಟ್ಟಲು ಸಾಲ ತೆಗೆದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮಲ್ಲೂ ಬ್ಯಾಂಕು ಗೃಹಸಾಲವನ್ನು ಒಮ್ಮೆಗೇ ಕೈಗಿಡುವುದಿಲ್ಲ. ಪಾಯ ಎದ್ದ ಮೇಲೆ ಒಂದು ಕಂತು, ಲಿಂಟೆಲ್ ಮಟ್ಟಕ್ಕೆ ಇನ್ನೊಂದು, ಮೋಲ್ಡ್ ಹಾಕಿದ ಮೇಲೆ ಮತ್ತೊಂದು, ಫಿನಿಶಿಂಗ್ ಹೊತ್ತಿಗೆ ಕೊನೆಯದು. ಎಂಜಿನಿಯರ್ ಬಂದು ನೋಡಿ ಸಹಿ ಹಾಕಿದರೆ ಹಣ. ಅಮೆರಿಕದಲ್ಲೂ ಅದೇ ಪದ್ಧತಿ. ನಿಧಾನವಾಗಿ ಏಳುವ ಮನೆಗೆ ಇದು ಹೊಂದುತ್ತದೆ. ಕಾರ್ಖಾನೆಯ ಮನೆ ಒಂದೇ ಲಾರಿಯಲ್ಲಿ ಇಡಿಯಾಗಿ ಬರುತ್ತದೆ, ಹಣವೂ ಇಡಿಯಾಗಿ ಬೇಕು, ಅದೂ ಲಾರಿ ಹೊರಡುವ ಮೊದಲೇ. ಲಸ್ಟ್ರಾನ್ ಡೀಲರುಗಳು ತಮ್ಮ ಕೈಯಿಂದ ಹಣ ಹಾಕಿ ಮನೆ ತರಿಸಿಕೊಂಡು, ಗಿರಾಕಿಯ ಸಾಲ ಮಂಜೂರಾಗುವವರೆಗೆ ಕಾಯಬೇಕಿತ್ತು. ಸಣ್ಣ ಡೀಲರಿಗೆ ಅಷ್ಟು ಬಂಡವಾಳ ಎಲ್ಲಿಂದ ಬರಬೇಕು? ಮನೆಯ ವೇಗವೇ ಅದರ ಮಾರಾಟಕ್ಕೆ ಮುಳುವಾಯಿತು. ಆರಂಭದಲ್ಲಿ 7,000 ಡಾಲರ್ ಎಂದಿದ್ದ ಬೆಲೆ, ಸಾಗಣೆ, ಪಾಯ, ಜೋಡಣೆ ಸೇರಿ 10,000 ದಾಟಿದಾಗ ಕೊಳ್ಳುವವರೂ ಹಿಂಜರಿದರು.

ಹಾಗಿದ್ದೂ ಕಟ್ಟಿದ ಮನೆಗಳು ಕೆಟ್ಟವಲ್ಲ. ಸಾವಿರಕ್ಕೂ ಹೆಚ್ಚು ಇಂದಿಗೂ ನಿಂತಿವೆ, ಜನ ವಾಸವಿದ್ದಾರೆ. ಗೋಡೆಗೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಫೋಟೋಗಳನ್ನು ಅಯಸ್ಕಾಂತದಿಂದ ಅಂಟಿಸುತ್ತಾರೆ. ಒಂದು ಹಾಳೆ ಜಜ್ಜಿಹೋದರೆ ಮಾತ್ರ ಕಷ್ಟ, ಮಾಡುವ ಕಾರ್ಖಾನೆಯೇ ಇಲ್ಲ. ಹೀಗಾಗಿ ಕೆಡವಿದ ಲಸ್ಟ್ರಾನ್ ಮನೆಯ ಹಾಳೆಗಳನ್ನು ಉಳಿಸಿಟ್ಟುಕೊಂಡು ಇನ್ನೊಂದಕ್ಕೆ ಬಳಸುತ್ತಾರೆ. ವರ್ಜೀನಿಯಾದ ಕ್ವಾಂಟಿಕೊ ಸೇನಾನೆಲೆಯಲ್ಲಿ ಇಂಥ ಹತ್ತಾರು ಮನೆಗಳಿದ್ದವು. ಬಿಚ್ಚಿಕೊಂಡು ಹೋಗುವವರಿಗೆ ಉಚಿತ ಎಂದರೂ ಹೆಚ್ಚಿನವು ಕೆಡವುವವರ ಪಾಲಾದವು. ಬಿಚ್ಚಲು ಬರುವ ಮನೆ ಎಂಬುದು ಒಂದು ಗುಣ. ಬಿಚ್ಚಿ ಇಡಲು ಜಾಗ, ಸಾಗಿಸಲು ದುಡ್ಡು, ಮತ್ತೆ ಕಟ್ಟಲು ನಿವೇಶನ ಇರುವುದು ಬೇರೆಯದೇ ಸಂಗತಿ.

ಬ್ರಝಾವಿಲ್‌ನಿಂದ ಹರಾಜಿನವರೆಗೆ

ಫ್ರಾನ್ಸಿನ ಜೀನ್ ಪ್ರೂವೆಯವರ ಮನೆಗಳದ್ದು ಇನ್ನೊಂದು ಬಗೆಯ ಕಥೆ, ನನ್ನ ಮಟ್ಟಿಗೆ ಹೆಚ್ಚು ನೋವಿನದು. ಕಮ್ಮಾರಿಕೆಯಿಂದ ಬೆಳೆದು ಬಂದ ಪ್ರೂವೆ, ನಾನ್ಸಿ ನಗರದ ಬಳಿಯ ಮ್ಯಾಕ್ಸೆವಿಲ್‌ನಲ್ಲಿ ಕಾರ್ಯಾಗಾರ ನಡೆಸುತ್ತಿದ್ದರು. ಆಫ್ರಿಕದ ಫ್ರೆಂಚ್ ವಸಾಹತುಗಳಲ್ಲಿ ಅಧಿಕಾರಿಗಳಿಗೆ ಮನೆ ಬೇಕಿತ್ತು. 1949ರಲ್ಲಿ ಒಂದನ್ನು ನೈಜರ್‌ನ ನಿಯಾಮಿಗೆ, 1951ರಲ್ಲಿ ಎರಡನ್ನು ಕಾಂಗೋದ ಬ್ರಝಾವಿಲ್‌ಗೆ ಕಳಿಸಿದರು. ವಿಮಾನದೊಳಗೆ ಹಿಡಿಸುವಂತೆ ಭಾಗಗಳು ನಾಲ್ಕು ಮೀಟರಿಗಿಂತ ಉದ್ದ ಮೀರಬಾರದು, ಇಬ್ಬರು ಎತ್ತುವಂತೆ ತೂಕ ನೂರು ಕಿಲೋ ದಾಟಬಾರದು ಎಂಬ ಕಟ್ಟುನಿಟ್ಟಿನಲ್ಲಿ ಇಡೀ ವಿನ್ಯಾಸ ಬೆಳೆಯಿತು. ಎರಡು ಪದರದ ಚಾವಣಿ, ನಡುವೆ ಬಿಸಿಗಾಳಿ ಹೊರಹೋಗಲು ದಾರಿ, ಸುತ್ತ ಜಗಲಿ, ಜಗಲಿಯ ಅಂಚಿಗೆ ಬಿಸಿಲು ತಡೆಯುವ ಅಲ್ಯೂಮಿನಿಯಂ ಪಟ್ಟಿಗಳು. ಜಾರುವ ಬಾಗಿಲುಗಳಲ್ಲಿ ನೀಲಿ ಗಾಜಿನ ದುಂಡು ಕಿಂಡಿಗಳು. ಬಿಸಿಲುನಾಡಿನ ಮನೆ ಹೇಗೆ ಉಸಿರಾಡಬೇಕೆಂದು ಯೋಚಿಸಿದ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅಲ್ಲೇ ಕಟ್ಟುವ ಮನೆಗಿಂತ ದುಬಾರಿಯಾಯಿತು. ವಸಾಹತಿನ ಅಧಿಕಾರಿಗಳಿಗೂ ಇಷ್ಟವಾಗಲಿಲ್ಲ. ಹೋದದ್ದು ಮೂರೇ ಮನೆ. ಅರ್ಧ ಶತಮಾನದ ನಂತರ ಎರಿಕ್ ಟೂಶಲೋಮ್ ಎಂಬ ಪ್ಯಾರಿಸ್ಸಿನ ವ್ಯಾಪಾರಿ ಮೂರನ್ನೂ ಹುಡುಕಿ, ಬಿಚ್ಚಿಸಿ, ಫ್ರಾನ್ಸಿಗೆ ತಂದರು. ಕಾಂಗೋದ ಅಂತರ್ಯುದ್ಧದ ಗುಂಡೇಟಿನ ತೂತುಗಳು ಹಾಳೆಗಳಲ್ಲಿದ್ದವು. ಒಂದನ್ನು ಹೊಸದರಂತೆ ಮಾಡಿ 2007ರಲ್ಲಿ ನ್ಯೂಯಾರ್ಕಿನ ನದಿದಂಡೆಯಲ್ಲಿ ನಿಲ್ಲಿಸಿ ಕ್ರಿಸ್ಟೀಸ್ ಹರಾಜು ಹಾಕಿತು. ಸುಮಾರು 49.7 ಲಕ್ಷ ಡಾಲರಿಗೆ ಒಬ್ಬ ಹೋಟೆಲ್ ಉದ್ಯಮಿ ಕೊಂಡರು. ಮರುವರ್ಷ ಅದೇ ಮನೆ ಲಂಡನ್ನಿನ ಟೇಟ್ ಮಾಡರ್ನ್ ಗ್ಯಾಲರಿಯ ಮುಂದೆ ನಿಂತು ಸಾವಿರಾರು ಜನರನ್ನು ಸೆಳೆಯಿತು. ಮೊಸಾಂಬಿಕ್‌ನಲ್ಲಿ ಹುಟ್ಟಿದ ಕಲಾವಿದೆ ಆಂಜೆಲಾ ಫೆರೇರಾ ನಿಯಾಮಿ, ಬ್ರಝಾವಿಲ್‌ಗಳಲ್ಲಿ ಆ ಮನೆಗಳಿದ್ದ ಜಾಗಕ್ಕೇ ಹೋಗಿ, ಉಳಿದ ಖಾಲಿ ಪಾಯಗಳ ಚಿತ್ರ ತೆಗೆದು 2007ರ ವೆನಿಸ್ ಬಿನಾಲೆ ಕಲಾಪ್ರದರ್ಶನದಲ್ಲಿ ತೋರಿಸಿದರು. ಲಂಡನ್ನಿನಲ್ಲಿ ಮನೆ ನೋಡಿದವರೆಲ್ಲ ಆ ಚಿತ್ರಗಳನ್ನೂ ನೋಡಬೇಕಿತ್ತು ಎಂದು ನನಗನಿಸುತ್ತದೆ.

ಇದು ದೂರದ ಕಥೆಯೇನಲ್ಲ. ಪ್ರೂವೆ ಜೊತೆ 1940ರ ಹೊತ್ತಿಗೆ ಬಿಚ್ಚಿ ಜೋಡಿಸುವ ಮನೆಗಳ ಮೇಲೆ ಕೆಲಸ ಮಾಡಿದ್ದ ಪಿಯೇರ್ ಜೀನರೆಯವರೇ ಮುಂದೆ ಚಂಡೀಗಢಕ್ಕೆ ಬಂದು ಸರ್ಕಾರಿ ಕಚೇರಿ, ಕಾಲೇಜುಗಳಿಗೆ ಸಾಗುವಾನಿ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಹಳತಾಯಿತೆಂದು ಕಚೇರಿಗಳು ಗುಜರಿ ಬೆಲೆಗೆ ಹಾಕಿದ ಆ ಕುರ್ಚಿಗಳನ್ನು ಕೊಂಡವರಲ್ಲಿ ಟೂಶಲೋಮ್ ಕೂಡ ಒಬ್ಬರು. ಅವು ಯುರೋಪು, ಅಮೆರಿಕದ ಹರಾಜುಗಳಲ್ಲಿ ಲಕ್ಷಗಟ್ಟಲೆ ಬಾಳಿದ ಮೇಲೆ, 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟಕ್ಕೂ ರಫ್ತಿಗೂ ತಡೆ ಹಾಕಿತು. ಸಾಮಾನ್ಯರ ಬಳಕೆಗೆಂದು ಅಗ್ಗವಾಗಿ ಮಾಡಿದ ವಸ್ತು ಅಪರೂಪವಾದ ಕೂಡಲೇ ಸಿರಿವಂತರ ಸಂಗ್ರಹವಾಗುತ್ತದೆ. ಸಾವಿರಗಟ್ಟಲೆ ತಯಾರಾಗಿದ್ದರೆ ಪ್ರೂವೆಯ ಮನೆಗೆ ಹರಾಜೇ ಇರುತ್ತಿರಲಿಲ್ಲ.

ಮೈಸೂರಿನಿಂದ ದೆಹಲಿಗೆ ಹೋದ ವಾಸ್ತುಶಿಲ್ಪಿಯ ಕನಸು

ಲಸ್ಟ್ರಾನ್ ಕೊಲಂಬಸ್‌ನಲ್ಲಿ ಏದುಸಿರು ಬಿಡುತ್ತಿದ್ದ ಅದೇ ವರ್ಷಗಳಲ್ಲಿ ದೆಹಲಿಯಲ್ಲೂ ಒಂದು ಮನೆ ಕಾರ್ಖಾನೆ ಎದ್ದಿತ್ತು. ಅದರ ಹಿಂದಿದ್ದವರು ಕರ್ನಾಟಕಕ್ಕೆ ಬೇಕಾದವರೇ. ಬರ್ಲಿನ್ನಿನಲ್ಲಿ 1908ರಲ್ಲಿ ಹುಟ್ಟಿದ ಯಹೂದಿ ವಾಸ್ತುಶಿಲ್ಪಿ ಆಟೊ ಕೋನಿಗ್ಸ್‌ಬರ್ಗರ್, ನಾಜಿಗಳಿಂದಾಗಿ ಜರ್ಮನಿ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ. ಕೆಲವು ವರ್ಷ ಮೊದಲು ಸಿ.ವಿ. ರಾಮನ್ನರ ಆಹ್ವಾನದ ಮೇಲೆ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ಬಂದುಹೋಗಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸೋದರಮಾವ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್, ಮೆಟಲರ್ಜಿ ಕಟ್ಟಡಗಳಲ್ಲಿ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪದಲ್ಲಿ ಇವರ ಕೈ ಇದೆ. ಬಿಸಿಲು ಎಲ್ಲಿಂದ ಬೀಳುತ್ತದೆ, ಗಾಳಿ ಎಲ್ಲಿಂದ ಬರುತ್ತದೆ, ಸಜ್ಜಾ ಎಷ್ಟು ಚಾಚಬೇಕು ಎಂಬುದನ್ನು ಅವರು ಕಲಿತದ್ದು ಇಲ್ಲಿ.

ದೇಶ ವಿಭಜನೆಯಾಯಿತು. ಲಕ್ಷಾಂತರ ಜನ ದೆಹಲಿಯ ಡೇರೆಗಳಲ್ಲಿದ್ದರು. ಕೋನಿಗ್ಸ್‌ಬರ್ಗರ್ 1948ರಲ್ಲಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ಜಂಗ್‌ಪುರದಲ್ಲಿ ಸರ್ಕಾರಿ ವಸತಿ ಕಾರ್ಖಾನೆ ತಲೆಯೆತ್ತಿತು. ಹಗುರವಾದ ನೊರೆ ಕಾಂಕ್ರೀಟಿನ ಫಲಕಗಳನ್ನು ಅಲ್ಲಿ ಎರಕ ಹೊಯ್ದು ಸೈಟಿಗೆ ಒಯ್ದು ಜೋಡಿಸುವ ಯೋಜನೆ. ತಂತ್ರ ವಿದೇಶದ್ದು. ದೆಹಲಿಯ ಬಿಸಿಲಿಗೆ, ಇಲ್ಲಿನ ಪದಾರ್ಥಕ್ಕೆ ಅದು ಒಗ್ಗಲಿಲ್ಲ, ಫಲಕಗಳು ಬಿರುಕುಬಿಟ್ಟವು. ಸಂಸತ್ತಿನಲ್ಲಿ ಪ್ರಶ್ನೆಗಳೆದ್ದವು. ಯೋಜನೆ ನಿಂತಿತು, 1951ರಲ್ಲಿ ಅವರು ದೇಶ ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆ ಮಾತ್ರ ಉಳಿಯಿತು. 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಆಯಿತು, 1978ರಲ್ಲಿ ಹಿಂದೂಸ್ತಾನ್ ಪ್ರೀಫ್ಯಾಬ್ ಎಂಬ ಹೆಸರು ಪಡೆಯಿತು. ಇಡೀ ಮನೆ ಮಾಡುವುದನ್ನು ಬಿಟ್ಟು ಅದು ಬದುಕಿದ್ದು ತೊಲೆ, ಫಲಕ, ರೈಲ್ವೆ ಸ್ಲೀಪರುಗಳಂಥ ಬಿಡಿಭಾಗಗಳಿಂದ.

ಲಂಡನ್ನಿನಲ್ಲಿ ಕೋನಿಗ್ಸ್‌ಬರ್ಗರ್ ಉಷ್ಣವಲಯದ ವಾಸ್ತುಶಿಲ್ಪ ಕಲಿಸುವ ವಿಭಾಗವನ್ನು ಕಟ್ಟಿ ಬೆಳೆಸಿದರು. ವಸತಿ ಎಂಬುದನ್ನು ಸಿದ್ಧ ಕಟ್ಟಡಗಳ ಎಣಿಕೆಯಾಗಿ ನೋಡದೆ, ನೆಲ, ನೀರು, ದಾರಿ, ಸಾಲ, ಕಟ್ಟುವ ಜನ ಎಲ್ಲವೂ ಕೂಡಿ ನಡೆಯುವ ಕೆಲಸವಾಗಿ ನೋಡುವ ತಲೆಮಾರು ಅಲ್ಲಿ ತಯಾರಾಯಿತು. ದೆಹಲಿಯ ಸೋಲು ಅವರಿಗೆ ಕಲಿಸಿದ್ದು ಏನೆಂದು ಇದರಿಂದ ತಿಳಿಯುತ್ತದೆ. ಆದರೆ ಆ ಕಾರ್ಖಾನೆಯ ಒಂದು ಮನೆಯೂ ನಮ್ಮ ಯಾವ ಮ್ಯೂಸಿಯಂನಲ್ಲೂ ಜನರ ಕಣ್ಣಿಗೆ ಬೀಳುವುದಿಲ್ಲ. ಬಿದ್ದಿದ್ದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಡಿಯರ್‌ಬಾರ್ನಿನ ಮನೆಗಿಂತ ಹೆಚ್ಚು ಪಾಠ ಸಿಗುತ್ತಿತ್ತು.

ಬಿಡಿಭಾಗದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಕಾರ್ಖಾನೆಯಲ್ಲಿ ಮಾಡಿ ದೂರದೂರಕ್ಕೆ ಸಾಗಿಸಿದ ಕಟ್ಟಡದ ಭಾಗವೊಂದು ನಮ್ಮ ಕರಾವಳಿಯಲ್ಲೇ ಭರ್ಜರಿಯಾಗಿ ಗೆದ್ದಿದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯಿಂದ ಹೊರಟ ಮಂಗಳೂರು ಹೆಂಚು ಹಡಗು ಹತ್ತಿ ಮುಂಬೈಗೂ ಪೂರ್ವ ಆಫ್ರಿಕಕ್ಕೂ ಹೋಯಿತು. ಎಲ್ಲ ಹೆಂಚೂ ಒಂದೇ ಅಳತೆ, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುತ್ತದೆ. ಆದರೆ ಅದು ಗೋಡೆ ಹೇಗಿರಬೇಕೆಂದು ಹೇಳಲಿಲ್ಲ. ಮಣ್ಣಿನ ಗೋಡೆಯೋ ಮುರಕಲ್ಲೋ ಮರವೋ, ಅದು ಊರಿನವರ ಇಷ್ಟ. ಒಡೆದ ಒಂದು ಹೆಂಚನ್ನು ಯಾರು ಬೇಕಾದರೂ ಏಣಿ ಹತ್ತಿ ಬದಲಿಸಬಹುದು. ಫುಲ್ಲರ್, ಸ್ಟ್ರಾಂಡ್‌ಲುಂಡ್ ಇಬ್ಬರೂ ಇಡೀ ಮನೆಯನ್ನು ತಮ್ಮ ಹಿಡಿತದಲ್ಲಿಡಲು ಹೋಗಿ ಕಳೆದುಕೊಂಡದ್ದು ಈ ಸಲೀಸನ್ನು.

ಈಗಿನ ಮಾದರಿಗಳು

2021ರ ಜನವರಿ 1ರಂದು ಪ್ರಧಾನಿ ಆರು ನಗರಗಳಲ್ಲಿ ಲೈಟ್ ಹೌಸ್ ಎಂಬ ಮಾದರಿ ವಸತಿ ಯೋಜನೆಗಳಿಗೆ ಅಡಿಗಲ್ಲು ಹಾಕಿದರು. ಚೆನ್ನೈ, ರಾಜ್‌ಕೋಟ್, ಇಂದೋರ್, ರಾಂಚಿ, ಅಗರ್ತಲಾ, ಲಖನೌ. ಪ್ರತಿಯೊಂದರಲ್ಲೂ ಸುಮಾರು ಸಾವಿರ ಮನೆ, ಒಂದೊಂದಕ್ಕೂ ಬೇರೆ ತಂತ್ರಜ್ಞಾನ. ಚೆನ್ನೈಯಲ್ಲಿ ಪ್ರೀಕಾಸ್ಟ್ ಕಾಂಕ್ರೀಟ್, ಇಂದೋರಿನಲ್ಲಿ ಎರಡು ಪದರಗಳ ನಡುವೆ ಹಗುರ ಪದಾರ್ಥ ತುಂಬಿದ ಸ್ಯಾಂಡ್‌ವಿಚ್ ಫಲಕ, ರಾಂಚಿಯಲ್ಲಿ ಇಡೀ ಕೋಣೆಯನ್ನೇ ಪೆಟ್ಟಿಗೆಯಂತೆ ಎರಕ ಹೊಯ್ದು ತಂದು ಒಂದರ ಮೇಲೊಂದು ಇಡುವ ಪದ್ಧತಿ. ಕಟ್ಟುವಾಗಲೇ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ತೋರಿಸಿ ಕಲಿಸುವ ಜೀವಂತ ಪ್ರಯೋಗಶಾಲೆಗಳು ಎಂದು ಅವುಗಳನ್ನು ಕರೆದರು. ಒಳ್ಳೆಯ ಯೋಚನೆ. ಹನ್ನೆರಡು ತಿಂಗಳಲ್ಲಿ ಮುಗಿಸುವ ಗುರಿಯಿತ್ತು. ಚೆನ್ನೈಯ ಪೆರುಂಬಾಕ್ಕಂನ 1,152 ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು, ಲಖನೌ ಮತ್ತು ರಾಂಚಿಯವು 2024ರವರೆಗೆ ಹೋದವು. ನಡುವೆ ಕೋವಿಡ್ ಬಂತು ಎಂಬುದನ್ನು ಮರೆಯುವಂತಿಲ್ಲ. ಆದರೂ ವೇಗದ ಭರವಸೆಯ ಮೇಲೆ ನಿಂತ ತಂತ್ರಜ್ಞಾನ ಸೈಟಿಗೆ ಬಂದಾಗ ನಿಧಾನವಾಗುವುದು ಕೊಲಂಬಸ್‌ನಲ್ಲಿ ಕಂಡ ಸಂಗತಿಯೇ.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಜಾಯಿಂಟುಗಳು. ಕಾರ್ಖಾನೆಯಲ್ಲಿ ಎರಕ ಹೊಯ್ದ ಫಲಕ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಎರಡು ಫಲಕ ಸೇರುವ ಕಡೆಯೇ ನೀರು ಇಳಿಯುವುದು, ಅಲ್ಲಿಯೇ ಬಿರುಕು, ಭೂಕಂಪದಲ್ಲಿ ಮೊದಲು ಕೈಕೊಡುವುದೂ ಅಲ್ಲಿಯೇ. ಲಂಡನ್ನಿನ ಪೂರ್ವಭಾಗದ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಪ್ರೀಕಾಸ್ಟ್ ಕಟ್ಟಡದಲ್ಲಿ ಜನ ವಾಸಕ್ಕೆ ಬಂದು ಎರಡು ತಿಂಗಳಾಗಿತ್ತಷ್ಟೆ. 1968ರ ಮೇ 16ರ ಬೆಳಿಗ್ಗೆ 18ನೇ ಅಂತಸ್ತಿನ ಅಡುಗೆಮನೆಯಲ್ಲಿ ಗ್ಯಾಸ್ ಸ್ಫೋಟವಾಗಿ ಒಂದು ಗೋಡೆ ಫಲಕ ಹೊರಕ್ಕೆ ಹಾರಿತು. ಅದನ್ನು ನೆಚ್ಚಿದ್ದ ಮೇಲಿನ ಫಲಕಗಳು ಕುಸಿದವು, ಅವುಗಳ ಭಾರಕ್ಕೆ ಕೆಳಗಿನವೂ ಕುಸಿದು ಕಟ್ಟಡದ ಇಡೀ ಮೂಲೆ ನೆಲಕ್ಕೆ ಬಂತು. ನಾಲ್ವರು ಸತ್ತರು. ಸ್ಫೋಟ ಅಷ್ಟೇನೂ ದೊಡ್ಡದಾಗಿರಲಿಲ್ಲ, ಫಲಕಗಳ ನಡುವಿನ ಜೋಡಣೆಯ ಬಿಗಿ ಸಾಲದಾಗಿತ್ತು. 2001ರ ಭುಜ್ ಭೂಕಂಪದಲ್ಲಿ ಗುಜರಾತಿನ ಅನೇಕ ಪ್ರೀಕಾಸ್ಟ್ ಶಾಲಾ ಕಟ್ಟಡಗಳು ಹಾನಿಗೊಂಡದ್ದೂ ಇದೇ ಬಗೆಯ ಕೊರತೆಯಿಂದ. ಆ ಅನುಭವಗಳಿಂದ ನಿಯಮಗಳು ಬಿಗಿಯಾಗಿವೆ, ಇಂದಿನ ಪ್ರೀಕಾಸ್ಟ್ ಅಂದಿನದಲ್ಲ. ಆದರೆ ನಿಯಮ ಕಾಗದದಲ್ಲಿದ್ದರೆ ಸಾಲದು. ಜಾಯಿಂಟಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವುದು ಸೈಟಿನಲ್ಲಿ, ದಿನಗೂಲಿಯ ಕೈಗಳಿಂದ. ತುಂಬಿದ ಮೇಲೆ ಒಳಗೆ ಪೊಳ್ಳಿದೆಯೇ ಎಂದು ಕಣ್ಣಿಗೆ ಕಾಣುವುದಿಲ್ಲ. ಆ ಕೈಗಳಿಗೆ ತರಬೇತಿ ಕೊಡಲು, ಅವರ ಮೇಲೆ ನಿಗಾ ಇಡಲು ಖರ್ಚು ಮಾಡದೆ ಕಾರ್ಖಾನೆಯ ಅಚ್ಚಿಗೆ ಮಾತ್ರ ಖರ್ಚು ಮಾಡಿದರೆ ಮನೆ ಅರ್ಧವೇ ಆದಂತೆ.

ಇನ್ನೊಂದು, ಮನೆ ಬೆಳೆಯುವ ವಿಷಯ. ನಮ್ಮ ಜನ ಮನೆಯನ್ನು ಒಮ್ಮೆಗೇ ಮುಗಿಸುವುದಿಲ್ಲ. ಕಂಬದ ಕಬ್ಬಿಣವನ್ನು ತಾರಸಿಯ ಮೇಲೆ ಚಾಚಿಬಿಟ್ಟಿರುತ್ತಾರೆ, ಮಗನ ಮದುವೆಗೆ ಮೇಲೊಂದು ರೂಮು ಎಂದು. ಗೋಡೆ ಒಡೆದು ಬಾಗಿಲು ಇಡುತ್ತಾರೆ, ಮುಂದಿನ ಕೋಣೆಯನ್ನು ಅಂಗಡಿ ಮಾಡುತ್ತಾರೆ. ಭಾರ ಹೊರುವ ಪ್ರೀಕಾಸ್ಟ್ ಫಲಕದ ಗೋಡೆಯನ್ನು ಹಾಗೆ ಒಡೆಯುವಂತಿಲ್ಲ, ಒಡೆದರೆ ಮೇಲಿನವರಿಗೂ ಅಪಾಯ. ಇದನ್ನು ಒಳಗೆ ಬರುವ ಕುಟುಂಬಗಳಿಗೆ ಅವರ ಭಾಷೆಯಲ್ಲಿ, ನಕ್ಷೆ ತೋರಿಸಿ, ಯಾವ ಗೋಡೆ ಮುಟ್ಟಬಾರದು ಎಂದು ಹೇಳಬೇಕು. ಬೀಗದ ಕೈ ಕೊಡುವ ದಿನವೇ ಹೇಳಬೇಕು.

ಆರು ಯೋಜನೆಗಳನ್ನೂ ಕಟ್ಟುವಾಗ ತೋರಿಸಿದ ಸರ್ಕಾರ ಅವು ಹತ್ತು ವರ್ಷ ಹಳೆಯವಾದಾಗಲೂ ತೋರಿಸಲಿ ಎಂಬುದು ನನ್ನ ಒತ್ತಾಯ. ಪ್ರತಿ ತಾಣದಲ್ಲೂ ಅಲ್ಲಿಯ ನಿವಾಸಿಗಳ ಒಪ್ಪಿಗೆ ಪಡೆದು, ಬಾಡಿಗೆ ಕೊಟ್ಟು, ಒಂದೆರಡು ಮನೆಗಳನ್ನು ಅಧ್ಯಯನಕ್ಕೆ ತೆರೆದಿಡಬಹುದು. ಮಳೆಗಾಲದಲ್ಲಿ ಎಲ್ಲಿ ಸೋರಿತು, ಬೇಸಿಗೆಯ ಮಧ್ಯಾಹ್ನ ಒಳಗೆ ಎಷ್ಟು ಉಷ್ಣತೆ, ಸಂದಿ ಮುಚ್ಚುವ ಸೀಲೆಂಟ್ ಎಷ್ಟು ವರ್ಷಕ್ಕೆ ಬದಲಿಸಬೇಕಾಯಿತು, ಅದಕ್ಕೆ ಯಾರು ದುಡ್ಡು ಕೊಟ್ಟರು, ಕೆಲಸಕ್ಕೆ ಹೋಗಿಬರಲು ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು, ಎಷ್ಟು ಕುಟುಂಬ ಮನೆ ಬಿಟ್ಟುಹೋದವು ಎಂಬುದೆಲ್ಲ ಗೋಡೆಯ ಮೇಲೆ ಬರೆದಿರಲಿ. ಕರ್ನಾಟಕ ಗೃಹ ಮಂಡಳಿ, ರಾಜೀವ್ ಗಾಂಧಿ ವಸತಿ ನಿಗಮಗಳು ಮುಂದೆ ಪ್ರೀಕಾಸ್ಟ್ ಬಹುಮಹಡಿಗಳಿಗೆ ಟೆಂಡರ್ ಕರೆಯುವಾಗ ಆ ಪಟ್ಟಿಯನ್ನು ಒಮ್ಮೆ ಓದಿ ಕರೆಯಲಿ. ಟೆಂಡರಿನಲ್ಲೇ ಮೊದಲ ಹದಿನೈದು ವರ್ಷದ ಜಾಯಿಂಟ್ ರಿಪೇರಿ ಗುತ್ತಿಗೆದಾರರ ಹೊಣೆ ಎಂಬ ಷರತ್ತು ಸೇರಿಸಬಹುದು. ಅದರಿಂದ ಚದರಡಿ ದರ ಏರಿದರೆ ಆ ಏರಿದ ದರವೇ ಮನೆಯ ನಿಜವಾದ ಬೆಲೆ ಎಂದು ಬಜೆಟ್ಟಿನಲ್ಲಿ ಬರೆಯಲಿ.